ಮಡಚದ ಚಾಕು

‘ಮಗಳಿಗೊಂದು ಚಾಕು ಕೊಡಿಸಬೇಕು’ ಎಂದು ಆಫೀಸಿನ ಊಟದ ಮೇಜಿನಲ್ಲಿ ಒಮ್ಮೆ ಹೇಳಿ ನೋಡಿ. ನಾಲ್ಕು ಜನ ನಾಲ್ಕು ಥರ ನೋಡುತ್ತಾರೆ. ಹದಿನೇಳರ ಹುಡುಗಿ, ಪುಣೆಯಂಥ ಊರು, ಚಾಕು – ಈ ಮೂರನ್ನು ಒಟ್ಟಿಗೆ ಇಟ್ಟರೆ ಯಾರಿಗೂ ಈರುಳ್ಳಿ ನೆನಪಾಗುವುದಿಲ್ಲ. ನಾನು ಹುಡುಕುತ್ತಿದ್ದದ್ದು ಈರುಳ್ಳಿ ಹೆಚ್ಚುವ ಚಾಕುವನ್ನೇ. ಬೆನ್ನಿನ ಚೀಲದಲ್ಲಿ ಹೊತ್ತುಕೊಂಡು ಬೆಟ್ಟ ಹತ್ತಿ, ಮೇಲೆ ಕೂತು ಹೆಚ್ಚುವಂಥದ್ದು, ಅಷ್ಟೆ ವ್ಯತ್ಯಾಸ.

ನಾವು ಪುಣೆಗೆ ಬಂದು ಹದಿನಾರು ವರ್ಷವಾಯಿತು. ಇಲ್ಲಿ ಮಳೆಗಾಲ ಶುರುವಾಯಿತೆಂದರೆ ಅರ್ಧ ಹಿಂಜವಡಿ ಶನಿವಾರ ಬೆಳಗ್ಗೆ ಬೂಟು ಕಟ್ಟಿಕೊಂಡು ಸಹ್ಯಾದ್ರಿಯ ಯಾವುದೋ ಕೋಟೆಯ ಕಡೆ ಹೊರಟಿರುತ್ತದೆ. ಮಲೆನಾಡಿನವನಾದ ನನಗೆ ಅದೇ ಬೆಟ್ಟಸಾಲಿನ ಉತ್ತರದ ಭಾಗ ಸಿಕ್ಕಿತೆಂಬ ಸಮಾಧಾನ. ಮಗಳು ಒಂಬತ್ತನೆಯ ವಯಸ್ಸಿನಿಂದ ನಮ್ಮ ಜೊತೆ ಹತ್ತುತ್ತಿದ್ದಾಳೆ. ಈ ಚಳಿಗಾಲಕ್ಕೆ ಅವಳು ಕಾಲೇಜಿನ ಐದು ಗೆಳೆಯ ಗೆಳತಿಯರ ಜೊತೆ, ಅಪ್ಪ ಅಮ್ಮ ಇಲ್ಲದೆ, ಮೊದಲ ಸಲ ಒಂದು ರಾತ್ರಿ ಬೆಟ್ಟದ ಮೇಲೆ ಉಳಿಯುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಅವಳು. ನಾವು ಒಪ್ಪಿದವರು. ಆಗ ಅವಳು ಕೇಳಿದ್ದು ಒಂದೇ: ‘ನನ್ನದೇ ಒಂದು ಚಾಕು ಬೇಕು. ನಿಂದು ಮಡಚೋದು, ನಂಗೆ ಆಗಲ್ಲ.’

ಆಗಲ್ಲ ಎನ್ನುವುದಕ್ಕೆ ಕಾರಣವಿದೆ. ಅವಳು ಎಡಚಿ.

ಮಡಚುವ ಚಾಕುಗಳಲ್ಲಿ ತುಂಬ ಸಾಮಾನ್ಯವಾದ ಬೀಗವನ್ನು ಲೈನರ್ ಲಾಕ್ ಅನ್ನುತ್ತಾರೆ. ಹಿಡಿಯೊಳಗೆ ಒಂದು ತೆಳು ತಗಡಿನ ಸ್ಪ್ರಿಂಗ್ ಇರುತ್ತದೆ. ಅಲಗು ಬಿಚ್ಚಿಕೊಂಡ ಕೂಡಲೆ ಅದು ಸರಿದು ಬಂದು ಅಲಗಿನ ಬುಡಕ್ಕೆ ಒತ್ತು ಕೊಡುತ್ತದೆ. ಮುಚ್ಚಬೇಕಾದರೆ ಆ ತಗಡನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಬೇಕು. ಆ ಹೆಬ್ಬೆರಳು ಬಲಗೈಯದ್ದು ಎಂದು ಚಾಕು ಮಾಡಿದವನು ಮೊದಲೇ ನಿಶ್ಚಯಿಸಿರುತ್ತಾನೆ. ಎಡಗೈಯಲ್ಲಿ ಹಿಡಿದರೆ ತೋರುಬೆರಳನ್ನು ಒಳಗೆ ತೂರಿಸಿ ಎಳೆಯಬೇಕಾಗುತ್ತದೆ, ಅದೂ ಅಲಗು ಮಡಚಿಕೊಳ್ಳುವ ದಾರಿಯಲ್ಲೇ. ಚಳಿಗೆ ಮರಗಟ್ಟಿದ ಕೈ, ಒದ್ದೆ ಹಿಡಿ, ಹೆಡ್‌ಲ್ಯಾಂಪಿನ ಬೆಳಕು – ಇಂಥ ಹೊತ್ತಿನಲ್ಲಿ ಆ ಕಸರತ್ತು ಮಾಡು ಅಂತ ಮಗಳಿಗೆ ನಾನು ಹೇಳಲಾರೆ. ಎಡಗೈಗೆಂದೇ ಮಾಡಿದ ಮಡಚುಚಾಕುಗಳು ಇವೆ, ಅಪರೂಪ, ದುಬಾರಿ. ಮಡಚದ ಚಾಕುವಿಗೆ ಬೀಗವೇ ಇಲ್ಲ, ಕೀಲಿಲ್ಲ, ಮಣ್ಣು ತುಂಬಿಕೊಳ್ಳುವ ಸಂದಿಲ್ಲ. ಒರೆಯಿಂದ ತೆಗೆದರೆ ಚಾಕು, ಒರೆಗೆ ಹಾಕಿದರೆ ಮುಗಿಯಿತು. ತೊಳೆಯುವುದೂ ಸುಲಭ, ಟೊಮೆಟೊ ರಸ ಕೀಲಿನೊಳಗೆ ಇಳಿದ ಮಡಚುಚಾಕು ಎರಡು ದಿನ ಬಿಟ್ಟು ತೆರೆದಾಗ ಬರುವ ವಾಸನೆ ಟ್ರೆಕ್ ಮಾಡುವವರಿಗೆಲ್ಲ ಗೊತ್ತು.

ಹಾಗಾಗಿ ಫಿಕ್ಸೆಡ್ ಬ್ಲೇಡ್. ಅಲ್ಲಿಗೆ ಒಂದು ಪ್ರಶ್ನೆ ಮುಗಿದು ಹತ್ತು ಪ್ರಶ್ನೆ ಹುಟ್ಟಿದವು.

ಹೊಟ್ಟೆಪಾಡಿಗೆ ನಾನು ಪ್ರಾಜೆಕ್ಟ್ ಮ್ಯಾನೇಜರ್. ಪ್ರಶ್ನೆ ಹತ್ತಾದರೆ ನನ್ನ ಕೈ ತಾನಾಗಿ ಎಕ್ಸೆಲ್ ತೆರೆಯುತ್ತದೆ. ಉದ್ದ, ದಪ್ಪ, ತೂಕ, ಉಕ್ಕು, ಒರೆ, ಎಡಗೈಗೆ ಹೊಂದುತ್ತದೋ ಇಲ್ಲವೋ, ಬೆಲೆ, ಕಾನೂನು – ಹೀಗೆ ಕಾಲಂಗಳು. ಮೊದಲ ಕಾಲಂ ಮಾತ್ರ ಬೇರೆ: ‘ಏನು ಕತ್ತರಿಸುತ್ತೇವೆ?’ ಚಾಕು ಮಾರುವವರು ಕೇಳದ ಪ್ರಶ್ನೆ ಇದೇ. ಅವರ ಚಿತ್ರಗಳಲ್ಲಿ ಗಡ್ಡದ ಮನುಷ್ಯನೊಬ್ಬ ಹಿಮದ ಕಾಡಿನಲ್ಲಿ ಕೂತು ಚಾಕುವಿನ ಬೆನ್ನಿನ ಮೇಲೆ ಕೊರಡಿನಿಂದ ಬಡಿದು ಸೌದೆ ಸೀಳುತ್ತಿರುತ್ತಾನೆ. ಅವನಿಗೆ ಆರು ಮಿಲಿಮೀಟರ್ ದಪ್ಪದ ಅಲಗು ಬೇಕು. ರಾಜಮಾಚಿಯ ಪಡಸಾಲೆಯಲ್ಲಿ ಪಿಠಲ ಭಾಕರಿ ಉಣ್ಣುವ ನಮಗೆ ಯಾಕೆ ಬೇಕು?

ನಾನು ಟ್ರೆಕ್ಕುಗಳ ಟಿಪ್ಪಣಿ ಬರೆದಿಡುವವನು. ಹಳೆಯ ಪುಟ ತಿರುವಿ ಚಾಕು ಹೊರಬಂದ ಸಂದರ್ಭಗಳನ್ನು ಪಟ್ಟಿ ಮಾಡಿದೆ. ಈರುಳ್ಳಿ, ಟೊಮೆಟೊ, ಸೌತೆಕಾಯಿ, ನಿಂಬೆಹಣ್ಣು – ಇವು ಮುಕ್ಕಾಲು ಪಾಲು. ಮ್ಯಾಗಿ ಪೊಟ್ಟಣ. ಟೆಂಟಿನ ಹಗ್ಗ ಎರಡು ಸಲ. ಗೆಳೆಯನ ಹಿಮ್ಮಡಿಯ ಗುಳ್ಳೆಗೆ ಅಂಟಿಸಲು ಪಟ್ಟಿ ಕತ್ತರಿಸಿದ್ದು. ಕಿತ್ತುಹೋದ ಬೂಟಿನ ಅಟ್ಟೆಯನ್ನು ಕಟ್ಟಲು ದಾರ ತುಂಡರಿಸಿದ್ದು. ಒಮ್ಮೆ, ಒಂದೇ ಒಮ್ಮೆ, ನಾಣೇಘಾಟಿನ ಕೆಳಗಿನ ಹಳ್ಳಿಯ ಅಂಚಿನಲ್ಲಿ ನೈಲಾನ್ ಬಲೆಬೇಲಿಗೆ ಕೊರಳು ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದ ಮೇಕೆಯನ್ನು ಬಿಡಿಸಿದ್ದು. ಬಲೆ ಒದ್ದೆಯಾಗಿತ್ತು, ಮೇಕೆ ಸುಮ್ಮನಿರಲಿಲ್ಲ, ಮೇಕೆಯ ಒಡತಿ ಬೇಲಿ ಹಾಳಾಯಿತೆಂದು ಬೈದಳು. ಎಲ್ಲ ಸೇರಿಸಿದರೂ ಮರ ಕಡಿದದ್ದು ಸೊನ್ನೆ, ಸೌದೆ ಸೀಳಿದ್ದು ಸೊನ್ನೆ, ಹುಲಿಯೊಡನೆ ಹೋರಾಡಿದ್ದು ಸೊನ್ನೆ.

ಈ ಪಟ್ಟಿ ಕಣ್ಣೆದುರು ಇದ್ದರೆ ಅರ್ಧ ಅಂಗಡಿ ತಾನೇ ಖಾಲಿಯಾಗುತ್ತದೆ. ಅಲಗು ಮೂರೂವರೆಯಿಂದ ನಾಲ್ಕೂವರೆ ಇಂಚು ಸಾಕು. ಹೆಚ್ಚು ಕಡಿಮೆ ಅಂಗೈಯ ಅಗಲ. ಅದಕ್ಕಿಂತ ಉದ್ದವಾದರೆ ಮೊನೆ ಎಲ್ಲಿದೆಯೆಂದು ಕೈಗೆ ತಿಳಿಯುವುದಿಲ್ಲ. ಬೆನ್ನಿನಲ್ಲಿ ಗರಗಸದ ಹಲ್ಲು, ಹಿಡಿಯೊಳಗೆ ದಿಕ್ಸೂಚಿ, ಬೆರಳಿಗೊಂದೊಂದು ಕುಳಿ – ಇವೆಲ್ಲ ಬೇಡ. ಬೆರಳಿನ ಕುಳಿಯಂತೂ ಯಾರದೋ ಕೈಯ ಅಳತೆಗೆ ಮಾಡಿದ್ದು. ನಮ್ಮ ಬೆರಳು ಅಲ್ಲಿ ಕೂರದಿದ್ದರೆ ಅದು ಕುಳಿಯಲ್ಲ, ಗುಳ್ಳೆ ಎಬ್ಬಿಸುವ ಏಣು.

ದಪ್ಪದ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಜನ ಉಕ್ಕಿನ ಹೆಸರು ಕೇಳಿ ಚಾಕು ಕೊಳ್ಳುತ್ತಾರೆ, ಆದರೆ ಕತ್ತರಿಸುವುದು ಉಕ್ಕಿಗಿಂತ ಮೊದಲು ಆಕಾರ. ಅಲಗೆಂದರೆ ಒಂದು ಬೆಣೆ. ಬೆನ್ನು ಐದು ಮಿಲಿಮೀಟರ್ ದಪ್ಪವಿದ್ದು ಅಲಗು ಒಂದಿಂಚು ಮಾತ್ರ ಅಗಲವಿದ್ದರೆ, ಬಾಯಿ ಎಷ್ಟೇ ಹರಿತವಿರಲಿ, ಕ್ಯಾರೆಟ್ಟನ್ನು ಕೊಯ್ಯುವ ಬದಲು ‘ಟಕ್’ ಎಂದು ಸೀಳುತ್ತದೆ. ಎರಡೂವರೆ ಮಿಲಿಮೀಟರಿನ ಅಲಗು ಅದೇ ಕ್ಯಾರೆಟ್ಟಿನಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ಸ್ವೀಡನ್ ಕಡೆಯ ಚಾಕುಗಳ ಬಾಯನ್ನು ಸ್ಕ್ಯಾಂಡಿ ಗ್ರೈಂಡ್ ಎನ್ನುವ ರೀತಿಯಲ್ಲಿ ತೆಗೆದಿರುತ್ತಾರೆ: ಅಲಗಿನ ಅರ್ಧದವರೆಗೆ ಚಪ್ಪಟೆ, ಅಲ್ಲಿಂದ ಬಾಯಿಯವರೆಗೆ ಒಂದೇ ಇಳಿಜಾರು. ಇದರ ಲಾಭ ಕಲಿಯುವವರಿಗೆ. ಮಸೆಯುವಾಗ ಯಾವ ಕೋನ ಹಿಡಿಯಬೇಕು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಆ ಇಳಿಜಾರನ್ನು ಕಲ್ಲಿನ ಮೇಲೆ ಮಲಗಿಸಿ ತಳ್ಳಿದರೆ ಕೋನ ತಾನೇ ಸಿಗುತ್ತದೆ.

ಇನ್ನು ಉಕ್ಕು. ಇಲ್ಲಿ ನನಗೆ ಮಾತು ಜಾಸ್ತಿಯಾದರೆ ಸಹಿಸಿಕೊಳ್ಳಬೇಕು. ನಾನು ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡಿದ್ದು ಲೋಹಶಾಸ್ತ್ರದಲ್ಲಿ. ಅನ್ನ ಹಾಕಿದ್ದು ಬ್ಯಾಂಕುಗಳ ಸಾಫ್ಟ್‌ವೇರ್. ಕಬ್ಬಿಣ–ಇಂಗಾಲದ ನಕ್ಷೆಯನ್ನು ಇಪ್ಪತ್ತು ವರ್ಷದಲ್ಲಿ ಯಾರೂ ನನ್ನಲ್ಲಿ ಕೇಳಿರಲಿಲ್ಲ, ಮಗಳು ಕೇಳಿದಳು. ಚಾಕುವಿನ ಉಕ್ಕು ಗಡುಸಾಗಿರಬೇಕು, ಇಲ್ಲದಿದ್ದರೆ ಬಾಯಿ ಬೇಗ ಮೊಂಡಾಗುತ್ತದೆ. ಜಿಗುಟಾಗಿಯೂ ಇರಬೇಕು, ಇಲ್ಲದಿದ್ದರೆ ಚೂರಾಗುತ್ತದೆ. ಒಂದು ಹೆಚ್ಚಿದರೆ ಸಾಮಾನ್ಯವಾಗಿ ಇನ್ನೊಂದು ತಗ್ಗುತ್ತದೆ. ಉಕ್ಕನ್ನು ಸುಮಾರು 800 ಡಿಗ್ರಿಯವರೆಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಮುಳುಗಿಸಿದರೆ ಇಂಗಾಲದ ಪರಮಾಣುಗಳು ಹೊರಬರಲಾಗದೆ ಸಿಕ್ಕಿಹಾಕಿಕೊಂಡು ಗಾಜಿನಂಥ ಗಡುಸು ಬರುತ್ತದೆ. ಹಾಗೇ ಬಿಟ್ಟರೆ ಕೆಳಗೆ ಬಿದ್ದರೂ ಒಡೆದೀತು. ಆದ್ದರಿಂದ ಮತ್ತೆ 200 ಡಿಗ್ರಿ ಆಸುಪಾಸಿಗೆ ಕಾಯಿಸಿ ಸ್ವಲ್ಪ ಮೆದು ಮಾಡುತ್ತಾರೆ. ಕನ್ನಡದಲ್ಲಿ ಇದಕ್ಕೆ ಹದ ಎನ್ನುವ ಒಂದೇ ಮಾತು. ಹಪ್ಪಳದ ಹಿಟ್ಟಿಗೂ ಅದೇ, ಗದ್ದೆಯ ಮಣ್ಣಿಗೂ ಅದೇ. ರಾಕ್‌ವೆಲ್ ಅಳತೆಯಲ್ಲಿ 56ರಿಂದ 60ರೊಳಗಿದ್ದರೆ ಬೆಟ್ಟಕ್ಕೆ ಒಯ್ಯುವ ಚಾಕುವಿಗೆ ಸಾಕು. ಅದಕ್ಕಿಂತ ಗಡುಸಾದ ದುಬಾರಿ ಉಕ್ಕುಗಳು ಹರಿತವನ್ನು ಬಹುಕಾಲ ಉಳಿಸಿಕೊಳ್ಳುತ್ತವೆ, ನಿಜ. ಮೊಂಡಾದಾಗ ಸಾದಾ ಕಲ್ಲಿಗೆ ಬಗ್ಗುವುದಿಲ್ಲ.

ಸ್ಟೇನ್‌ಲೆಸ್ಸೋ ಕಾರ್ಬನ್ನೋ ಎಂಬ ಜಗಳವನ್ನು ಸಹ್ಯಾದ್ರಿಯ ಜುಲೈ ತಿಂಗಳೇ ಬಗೆಹರಿಸುತ್ತದೆ. ಸ್ವೀಡನ್ನಿನ 12ಸಿ27ರಂಥ ಸ್ಟೇನ್‌ಲೆಸ್‌ನಲ್ಲಿ ಇಂಗಾಲ ಶೇಕಡಾ 0.6, ಕ್ರೋಮಿಯಂ 13ಕ್ಕೂ ಮೇಲೆ. ಒದ್ದೆ ಒರೆಯಲ್ಲಿ ಒಂದು ರಾತ್ರಿ ಇಟ್ಟರೂ ಕ್ಷಮಿಸುತ್ತದೆ. 1095ರಂಥ ಕಾರ್ಬನ್ ಉಕ್ಕಿನಲ್ಲಿ ಇಂಗಾಲ ಶೇಕಡಾ ಒಂದರ ಹತ್ತಿರ, ಕ್ರೋಮಿಯಂ ಇಲ್ಲವೆನ್ನುವಷ್ಟು. ಮಸೆಯಲು ಸುಖ, ಆದರೆ ಬೆಳಗಾಗುವಷ್ಟರಲ್ಲಿ ಕೆಂಪು ಚುಕ್ಕೆ. ಅಂತರ್ಜಾಲದಲ್ಲಿ ಅಲೆ ಅಲೆಯ ಚಿತ್ತಾರದ ಡಮಾಸ್ಕಸ್ ಚಾಕುಗಳು ಸಿಗುತ್ತವೆ, ಕಣ್ಣಿಗೆ ಹಬ್ಬ. ಅವು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಮಾಡಿದವು. ಹಳೆಯ ಕಾಲದ ಡಮಾಸ್ಕಸ್ ಖಡ್ಗಗಳಿಗೆ ಹೋಗುತ್ತಿದ್ದದ್ದು ದಕ್ಷಿಣ ಭಾರತದ ಮೂಸೆ ಉಕ್ಕು, ವೂಟ್ಜ್. ಆ ಪದ ನಮ್ಮ ‘ಉಕ್ಕು’ವಿನಿಂದಲೇ ಹುಟ್ಟಿದ್ದೆಂದು ಬಲ್ಲವರು ಅನೇಕರು ಹೇಳುತ್ತಾರೆ. ಮಗಳಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತಂತೆ.

ಕೊನೆಗೆ ಹಾಳೆಯಲ್ಲಿ ಉಳಿದದ್ದು ಸ್ವೀಡನ್ನಿನ ಮೋರಾ ಊರಿನ ಚಾಕು, ಕಂಪ್ಯಾನಿಯನ್ ಎಂಬ ಹೆಸರಿನದು. ಅಲಗು ನಾಲ್ಕಿಂಚಿಗೆ ಸ್ವಲ್ಪ ಮೇಲೆ, ದಪ್ಪ 2.5 ಮಿಲಿಮೀಟರ್, ಒರೆ ಸೇರಿ ತೂಕ 120 ಗ್ರಾಮಿಗೂ ಒಳಗೆ. ಹಿಡಿ ರಬ್ಬರಿನಂತೆ, ಎರಡೂ ಕಡೆ ಒಂದೇ ಆಕಾರ. ಪ್ಲಾಸ್ಟಿಕ್ ಒರೆಯೊಳಗೆ ಚಾಕು ಎರಡೂ ದಿಕ್ಕಿಗೆ ಕೂರುತ್ತದೆ, ಹಾಗಾಗಿ ಎಡ ಬಲದ ತಕರಾರಿಲ್ಲ. ಅಲಗಿನ ಬಾಲ ಹಿಡಿಯ ಕೊನೆಯವರೆಗೆ ಬರುವುದಿಲ್ಲ, ಇದು ಫುಲ್ ಟ್ಯಾಂಗ್ ಅಲ್ಲ, ಎಂದು ಕೆಲವರು ಮೂಗು ಮುರಿಯುತ್ತಾರೆ. ಕೊರಡಿನಿಂದ ಬಡಿಯುವವರಿಗೆ ಆ ಚಿಂತೆ. ನಾವು ಬಡಿಯುವುದಿಲ್ಲ. ತರಿಸಿದೆವು. ಬಂದ ದಿನ ಮಗಳು ಅಡಿಗೆಮನೆಯಲ್ಲಿ ಎಡಗೈಯಲ್ಲಿ ಹಿಡಿದು ಒಂದು ಕಿಲೋ ಈರುಳ್ಳಿ ಹೆಚ್ಚಿದಳು. ನಾವು ಎರಡು ದಿನ ಈರುಳ್ಳಿ ಸಾಂಬಾರು ಉಂಡೆವು.

ಆ ರಾತ್ರಿ ಹೆಂಡತಿ ಕೇಳಿದಳು. ‘ಈರುಳ್ಳಿ ಸರಿ. ಅವಳ ಹತ್ತಿರ ಚಾಕು ಇದೆ ಅನ್ನೋದೇ ಒಂದು ಧೈರ್ಯ ಅಲ್ವಾ?’

ಊಟದ ಮೇಜಿನ ನಾಲ್ಕು ಜನ ಬಾಯಿ ಬಿಟ್ಟು ಕೇಳದೇ ಇದ್ದದ್ದು ಇದೇ. ನನ್ನ ಉತ್ತರ ತಯಾರಿತ್ತು. ಚಾಕು ಕೆಲಸ ಮಾಡುವುದು ಕೈಯಳತೆಯ ದೂರದಲ್ಲಿ. ಅಷ್ಟು ಹತ್ತಿರ ಬಂದವನು ಬಲಶಾಲಿಯಾಗಿದ್ದರೆ ಅದು ಯಾರ ಕೈಯಲ್ಲಿ ಉಳಿಯುತ್ತದೆಂದು ಹೇಳಲಾಗದು. ಅದಿರುವುದು ಚೀಲದ ಅಡುಗೆ ಸಾಮಾನಿನ ಜೊತೆ, ಸೊಂಟದಲ್ಲಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ‘ನನ್ನ ಹತ್ತಿರ ಚಾಕು ಇದೆ’ ಎಂಬ ಯೋಚನೆ, ‘ಇಲ್ಲಿಂದ ಹೊರಡೋಣ’ ಎಂಬ ಯೋಚನೆಯನ್ನು ಒಂದು ನಿಮಿಷ ತಡ ಮಾಡಿಸುತ್ತದೆ. ಆ ಒಂದು ನಿಮಿಷ ಬೇಕಾಗುವುದು ಓಡುವುದಕ್ಕೆ. ಇಷ್ಟನ್ನೂ ಹೇಳಿದೆ. ಗುಂಪು ಒಡೆಯಬಾರದು, ಹಳ್ಳಿಯ ಪರಿಚಿತ ಗೈಡ್ ಜೊತೆಗಿರಬೇಕು, ಹತ್ತುವ ಮೊದಲು ಮತ್ತು ಇಳಿದ ಮೇಲೆ ಫೋನು, ಮೇಲೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆಂಬ ಗುರುತು – ಇವೇ ಸುರಕ್ಷೆ ಎಂದೆ.

ಅವಳು ಎಲ್ಲ ಕೇಳಿಸಿಕೊಂಡು, ‘ಇದೆಲ್ಲ ನೀನು ನಿನಗೆ ಹೇಳ್ಕೊಳ್ತಿದ್ದೀಯ. ಹಾಗಾದ್ರೆ ಅವಳ ಹತ್ತಿರ ಏನಿದೆ?’ ಎಂದಳು.

ಹಾಳೆಯಲ್ಲಿ ಆ ಕಾಲಂ ಇಲ್ಲ. ಸೇರಿಸಲು ನನಗೆ ತಿಳಿಯಲೂ ಇಲ್ಲ. ಒಂದು ಮಾತು ಮಾತ್ರ ಗಟ್ಟಿ ಮಾಡಿಕೊಂಡೆವು: ಈ ಚಾಕುವನ್ನು ಅವಳ ಕೈಗೆ ಕೊಡುವಾಗ ಭಯದ ಮಾತು ಸೇರಿಸಿ ಕೊಡಬಾರದು. ಅವಳು ಕೇಳಿದ್ದು ಉಪಕರಣ. ನಾವು ಆಯುಧವೆಂದು ಕೊಟ್ಟರೆ, ಬೆಟ್ಟಕ್ಕೆ ಹೋಗುವ ಪ್ರತಿಸಲವೂ ಅವಳ ಚೀಲದಲ್ಲಿ ನಮ್ಮ ಹೆದರಿಕೆ 120 ಗ್ರಾಂ ಜಾಸ್ತಿ ತೂಗುತ್ತದೆ.

ದೀಪಾವಳಿಗೆ ಊರಿಗೆ ಹೋದೆವು. ಸಿದ್ದಾಪುರದ ಕಡೆಯ ಅಡಿಕೆ ತೋಟ, ಅಪ್ಪನಿಗೆ ಎಪ್ಪತ್ತಾರು. ಇವತ್ತಿಗೂ ಅವರು ತೋಟಕ್ಕೆ ಇಳಿಯುವಾಗ ಸೊಂಟದ ಹಿಂದೆ ಮರದ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಒರೆಯಿಲ್ಲ, ಗುಂಡಿಯಿಲ್ಲ, ನಡೆದರೆ ಟಕ ಟಕ ಸದ್ದು. ಆ ಸದ್ದೇ ಅಪ್ಪ ಎಲ್ಲಿದ್ದಾರೆಂಬುದಕ್ಕೆ ನಮಗೆ ಗುರುತು. ಕತ್ತಿ ಎಂದರೆ ನಮ್ಮಲ್ಲಿ ಯಾರಿಗೂ ರಕ್ತ ನೆನಪಾಗುವುದಿಲ್ಲ, ಬಾಳೆಎಲೆ ನೆನಪಾಗುತ್ತದೆ. ನಾನು ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯರಿಗೆ ‘ಅಪ್ಪ ದಿನಾ ಕತ್ತಿ ಕಟ್ಕೊಂಡೇ ಓಡಾಡೋದು’ ಎಂದಾಗ ಅವರು ಒಂದು ಹೆಜ್ಜೆ ಹಿಂದೆ ಸರಿದಿದ್ದರು. 1995ರ ‘ಓಂ’ ಸಿನೆಮಾ ಆಗಿನ್ನೂ ಎಲ್ಲರ ಕಣ್ಣಿನಲ್ಲಿತ್ತು. ಕತ್ತಿ, ಮಚ್ಚು, ಲಾಂಗು ಎಲ್ಲ ಒಂದೇ ಜಾತಿ.

ಅಪ್ಪ ಸ್ವೀಡನ್ನಿನ ಚಾಕುವನ್ನು ಉಗುರಿನ ಮೇಲೆ ತಾಗಿಸಿ ನೋಡಿ ‘ಬಾಯಿ ಚೊಲೋ ಇದ್ದು’ ಎಂದರು. ಹಿಡಿ ಒತ್ತಿ ನೋಡಿ ‘ರಬ್ಬರು’ ಎಂದರು. ಅಮ್ಮನ ಗಮನ ಬೇರೆ ಕಡೆ. ‘ಅಡಿಗೆಮನೇಲಿ ಎಡಗೈಲಿ ಕೊಯ್ಯಡ್ದೆ’ ಎಂದು ಮೊಮ್ಮಗಳಿಗೆ ಹದಿನೇಳು ವರ್ಷದಿಂದ ಹೇಳುತ್ತ ಬಂದದ್ದನ್ನು ಮತ್ತೊಮ್ಮೆ ಹೇಳಿದರು. ಎಡಗೈಯವರಿಗೆ ಹಳ್ಳಿಮನೆಯ ಯಾವ ಹತಾರವೂ ಒಗ್ಗುವುದಿಲ್ಲ ಎಂಬುದೂ ನಿಜವೇ. ಹುಲ್ಲು ಕೊಯ್ಯುವ ಕುಡುಗೋಲಿನ ಹಲ್ಲುಗಳನ್ನು ಒಂದೇ ಬದಿಯಿಂದ ಅರದಿಂದ ತೀಡಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಅದು ಕೊಯ್ಯುವ ಬದಲು ಜಾರುತ್ತದೆ. ಮಗಳು ಚಿಕ್ಕವಳಿದ್ದಾಗ ತಾನು ದಡ್ಡಿ ಎಂದುಕೊಂಡಿದ್ದಳಂತೆ.

ಆಚಾರಿಯ ಕುಲುಮೆಗೆ ಹೋಗೋಣ ಎಂದದ್ದು ಅಪ್ಪ. ಇವರೂ ಅಪ್ಪನ ವಯಸ್ಸಿನ ಆಸುಪಾಸಿನವರು. ಚರ್ಮದ ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ; ಉಳಿದದ್ದೆಲ್ಲ ಹಾಗೇ. ಮೂಲೆಯಲ್ಲಿ ಲಾರಿಯ ಮುರಿದ ಕಮಾನು ಪಟ್ಟಿಗಳ ರಾಶಿ. ಲಾರಿಯ ಸ್ಪ್ರಿಂಗ್ ಒಳ್ಳೆಯ ಉಕ್ಕು. ಇಂಗಾಲ ಶೇಕಡಾ 0.6ರ ಹತ್ತಿರ, ಪೆಟ್ಟು ತಡೆಯುವ ಜಿಗುಟು ಅದರ ಹುಟ್ಟುಗುಣ. ನೇಪಾಳದ ಖುಕ್ರಿ ಮಾಡುವವರೂ ಇದನ್ನೇ ಬಳಸುತ್ತಾರೆ. ಆಚಾರಿ ಮಗಳನ್ನು ನೋಡಿ ಮೊದಲು ಕೇಳಿದ್ದು, ‘ಯಾವ ಕೈಯವಳು ನೀನು, ತಂಗಿ?’

ಅವಳು ಎಡಗೈ ತೋರಿಸಿದಳು. ಅವರು ಅದನ್ನು ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ಅಡಿಕೆ ದಬ್ಬೆಯ ಸೀಳೊಂದನ್ನು ಅವಳ ಅಂಗೈಗೆ ಅಡ್ಡವಿಟ್ಟು, ಉಗುರಿನಿಂದ ಗುರುತು ಮಾಡಿ, ಕಿವಿಗೆ ಸಿಕ್ಕಿಸಿಕೊಂಡರು. ‘ಹಂಗಾರೆ ಬಾಯಿ ಆಚೆ ಬದಿಗೆ ತೆಗೀಬೇಕು. ನಾಡಿದ್ದು ಬನ್ನಿ.’

ನಾಡಿದ್ದು ಹೋದಾಗ ಅಲಗು ತಯಾರಿತ್ತು, ಹಿಡಿ ಇನ್ನೂ ಹಾಕಿರಲಿಲ್ಲ. ನಾಲ್ಕಿಂಚು ಉದ್ದ ಸರಿ. ಬೆನ್ನು ಮಾತ್ರ ಐದು ಮಿಲಿಮೀಟರಿಗೂ ದಪ್ಪ. ಜೀವಮಾನವಿಡೀ ಕತ್ತಿ ಬಡಿದ ಕೈಗೆ ಅದೇ ತೆಳ್ಳಗೆ. ಮಗಳು ಅಲ್ಲೇ ಬೇಲಿಯ ಪಪ್ಪಾಯಿಕಾಯಿಗೆ ಹಾಕಿ ನೋಡಿದಳು. ಕಾಯಿ ಸೀಳಿತು.

‘ಇನ್ನೂ ತೆಳ್ಳಗೆ ಬೇಕು ಅಜ್ಜ.’

‘ತೆಳ್ಳಗಾದ್ರೆ ಟೊಂಗೆ ಕಡಿಯಕ್ಕೆ ಬರ್ತಿಲ್ಲೆ, ಮುಕ್ಕಾಗ್ತು.’

‘ಟೊಂಗೆ ಕಡಿಯಲ್ಲ.’

‘ಮತ್ತೆ ಕಾಡಿಗೆ ಎಂತಕ್ಕೆ ಹೋಪುದು?’ ಎಂದು ಅವರು ನನ್ನ ಮುಖ ನೋಡಿದರು. ಎಂಟು ಸಾವಿರದ ಬೂಟು ಹಾಕಿಕೊಂಡು ಬೆಟ್ಟ ಹತ್ತಿ, ಮೇಲೆ ಈರುಳ್ಳಿ ಕೊಯ್ದು, ಮಲಗಿ, ಇಳಿದು ಬರುವುದನ್ನು ಅವರಿಗೆ ವಿವರಿಸುವ ಕೆಲಸ ನನ್ನಿಂದಾಗಲಿಲ್ಲ. ಅಪ್ಪ ನಕ್ಕರು. ಆಚಾರಿ ಮತ್ತೆ ಕಾಯಿಸಿ, ಬಡಿದು, ಮೂರಕ್ಕೆ ತಂದರು.

ಹದ ಹಾಕುವುದನ್ನು ನೋಡಬೇಕಿತ್ತು ನೀವು. ಥರ್ಮಾಮೀಟರಿಲ್ಲ. ಬಾಗಿಲು ಓರೆ ಮಾಡಿ ಕತ್ತಲು ಮಾಡಿಕೊಂಡು, ಅಲಗು ಮಾಗಿದ ಹಣ್ಣಿನ ಕೆಂಪಿಗೆ ಬಂದಾಗ ಎಣ್ಣೆಗೆ ಬಾಯಿಯನ್ನಷ್ಟೇ ಮುಳುಗಿಸಿದರು. ಹೊರತೆಗೆದು ಕಲ್ಲಿನಿಂದ ಬದಿಯನ್ನು ತಿಕ್ಕಿ ಬೆಳ್ಳಗೆ ಮಾಡಿ ಸುಮ್ಮನೆ ಹಿಡಿದು ಕೂತರು. ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆ ಹರಿಯುತ್ತದೆ, ಅದರ ಜೊತೆಗೆ ಬಣ್ಣವೂ. ಬೆನ್ನಿಗೆ ನೀಲಿ, ನಡುವೆ ನೇರಳೆ, ಬಾಯಿಗೆ ಒಣಹುಲ್ಲಿನ ಹಳದಿ ಬಂದ ಕ್ಷಣ ಪೂರ್ತಿ ಮುಳುಗಿಸಿದರು. ಹುಲ್ಲಿನ ಹಳದಿಯೆಂದರೆ ಸುಮಾರು 220–230 ಡಿಗ್ರಿ, ನೀಲಿಯೆಂದರೆ 300ರ ಆಸುಪಾಸು. ಬಾಯಿ ಗಡುಸು, ಬೆನ್ನು ಜಿಗುಟು. ಎರಡು ವರ್ಷ ನಾನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ಬರೆದ ಪರೀಕ್ಷೆಯ ಉತ್ತರ ಇಕ್ಕಳದ ತುದಿಯಲ್ಲಿತ್ತು. ಮಗಳು ವಿಡಿಯೋ ಮಾಡುವುದನ್ನೂ ಮರೆತು ನೋಡುತ್ತಿದ್ದಳು.

ಪೇರಲೆ ಮರದ ಹಿಡಿ ಹಾಕಿದರು. ಬಾಯಿಯ ಇಳಿಜಾರು ಹೆಚ್ಚು ಕಡಿಮೆ ಎಡಬದಿಯಲ್ಲೇ, ಬಲಬದಿ ಚಪ್ಪಟೆ. ಕೊಡುವಾಗ ಅವಳ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ. ಜಗಳದ ಮಾತು ಹೇಗೋ ಏನೋ, ಇಬ್ಬರ ಕೈ ಒಂದೇ ಹೊತ್ತಿಗೆ ಒಂದೇ ಅಲಗಿನ ಮೇಲೆ ಇರಬಾರದು ಎನ್ನುವುದಕ್ಕಿಂತ ಒಳ್ಳೆಯ ಸುರಕ್ಷಾ ನಿಯಮವನ್ನು ನಾನೂ ಹೇಳಿಕೊಡಲಾರೆ. ಉಳಿದವನ್ನು ನಾನು ಹೇಳಿಕೊಟ್ಟೆ: ಕೈ ಚಾಚಿದಷ್ಟು ದೂರದಲ್ಲಿ ಯಾರೂ ಇರಬಾರದು, ಕೂತು ಹಗ್ಗವನ್ನೋ ಕಡ್ಡಿಯನ್ನೋ ಕತ್ತರಿಸುವಾಗ ತೊಡೆಗಳ ನಡುವೆ ಕೆಲಸ ಬೇಡ, ದೊಡ್ಡ ರಕ್ತನಾಳ ಅಲ್ಲೇ ಇದೆ, ಮಂಡಿಯ ಹೊರಗೆ ಇಟ್ಟುಕೋ, ಕೆಲಸ ನಿಂತರೆ ಚಾಕು ಒರೆಗೆ, ಕಲ್ಲಿನ ಮೇಲೂ ಅಲ್ಲ, ಹುಲ್ಲಿನ ಮೇಲೂ ಅಲ್ಲ.

ಇನ್ನು ಕಾನೂನಿನ ಕಾಲಂ. ಟ್ರೆಕ್ ಮಾಡುವ ನಮ್ಮವರಲ್ಲಿ ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ, ಆದ್ದರಿಂದ ಬರೆಯುತ್ತೇನೆ. ಆಯುಧ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದು, ಮನೆ, ಕೃಷಿ, ವಿಜ್ಞಾನ, ಉದ್ಯಮದ ಬಳಕೆಗೆಂದು ಮಾಡಿದ್ದಲ್ಲದಿದ್ದರೆ ಅದು ಆಯುಧದ ಪಟ್ಟಿಗೆ ಬರುತ್ತದೆ. ನಾಲ್ಕಿಂಚಿನ ಚಾಕು ಆ ಗೆರೆಯ ಈಚೆಗಿದೆ. ಆದರೂ ಊರೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಬೇಡ. ನಿಷೇಧಾಜ್ಞೆಗಳಿರುತ್ತವೆ, ಪೊಲೀಸರ ಪ್ರಶ್ನೆಗಳಿರುತ್ತವೆ. ಚೀಲದೊಳಗೆ, ಅಡುಗೆ ಸಾಮಾನಿನ ಜೊತೆ. ವಿಮಾನದಲ್ಲಿ ಚೆಕ್-ಇನ್ ಚೀಲದಲ್ಲಿ ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ ಎಂಬುದರ ವ್ಯಾಖ್ಯೆಯಲ್ಲೇ ಚಾಕು ಸೇರಿದೆ. ಬಲೆ, ಬಿಲ್ಲುಬಾಣ, ವಿಷ, ಚಾಕು ಎಲ್ಲ ಒಂದೇ ಸಾಲಿನಲ್ಲಿ. ಇಷ್ಟು ಇಂಚು ಎಂಬ ಮಾತಿಲ್ಲ. ಮುಖ್ಯ ವನ್ಯಜೀವಿ ವಾರ್ಡನ್ನರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ನಾವು ಟ್ರೆಕ್ ಮಾಡುವ ಎಷ್ಟು ಬೆಟ್ಟಗಳು ಅಭಯಾರಣ್ಯದೊಳಗಿವೆ ಎಂದು ಎಣಿಸಿ ನೋಡಿ. ಭೀಮಾಶಂಕರ ಇದೆ. ನಮ್ಮ ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿ ಧಾಮದೊಳಗಿದೆ. ಮಗಳ ಗುಂಪು ಡಿಸೆಂಬರಿಗೆ ಆರಿಸಿಕೊಂಡ ಹರಿಶ್ಚಂದ್ರಗಡವಂತೂ ಅಭಯಾರಣ್ಯದ ಹೆಸರಿನಲ್ಲೇ ಇದೆ: ಕಳಸೂಬಾಯಿ–ಹರಿಶ್ಚಂದ್ರಗಡ.

‘ತರಕಾರಿ ಚಾಕು ಯಾರು ಕೇಳ್ತಾರೆ?’ ಎಂದು ನನ್ನ ಟ್ರೆಕ್ ಗೆಳೆಯರು ನಕ್ಕರು. ಬಹುಶಃ ಯಾರೂ ಕೇಳುವುದಿಲ್ಲ. ಮೇಲಿನ ಹೋಟೆಲಿನ ಗುಡಿಸಲುಗಳಲ್ಲೂ ಚಾಕು ಇರುತ್ತದೆ. ಆದರೆ ಉಪಕರಣ ಎಂದು ನಾವು ಕೊಟ್ಟದ್ದನ್ನು ಕಾನೂನು ಆಯುಧ ಎನ್ನುವ ಜಾಗಕ್ಕೆ ಒಯ್ಯಬೇಕೋ ಬೇಡವೋ ಎಂಬುದನ್ನು ನಾನು ತೀರ್ಮಾನಿಸಲಿಲ್ಲ; ಹಾಳೆಯ ಆ ಸಾಲನ್ನು ಮಗಳಿಗೆ ತೋರಿಸಿ ಸುಮ್ಮನಾದೆ. ಅವಳು ಒಂದು ದಿನ ಮುಖ ಊದಿಸಿಕೊಂಡಿದ್ದಳು. ಮರುದಿನ ಈರುಳ್ಳಿ ಸೌತೆ ಎಲ್ಲ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ತುಂಬುವುದೆಂದೂ, ಪಟ್ಟಿ ಕತ್ತರಿಸಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮೊಂಡುಮೂತಿಯ ಕತ್ತರಿ ಸಾಕೆಂದೂ ಗುಂಪಿಗೆ ಸಂದೇಶ ಹಾಕಿದಳು. ಚಾಕುವಿಲ್ಲದೆ ಹೋದಳು, ಕೊಂಕಣಕಡಾದ ಅಂಚಿನಿಂದ ಸೂರ್ಯಾಸ್ತ ನೋಡಿದಳು, ಬಂದಳು. ಆ ರಾತ್ರಿ ನಾವಿಬ್ಬರೂ ಮಲಗಿದ್ದು ಎಷ್ಟು ಹೊತ್ತಿಗೆ ಎಂದು ಕೇಳಬೇಡಿ.

ಸ್ವೀಡನ್ನಿನ ಚಾಕು ಈಗ ನನ್ನ ಚೀಲದಲ್ಲಿದೆ. ಆಚಾರಿಯದ್ದು ಅವಳದ್ದು. ನಮ್ಮ ಓಣಿಯ ತುದಿಯಲ್ಲಿ ಚಪ್ಪಲಿ ಹೊಲಿಯುವವರಿಂದ ಅದಕ್ಕೆ ಚರ್ಮದ ಒರೆ ಹೊಲಿಸಿಕೊಂಡಿದ್ದಾಳೆ, ಗುಂಡಿ ಎಡ ಹೆಬ್ಬೆರಳಿಗೆ ಸಿಗುವಂತೆ. ಮನೆಗೆ ಬಂದ ಮೇಲೆ ಒರೆಯೊಳಗೆ ಇಡುವುದಿಲ್ಲ, ಚರ್ಮ ತೇವ ಹಿಡಿದು ತುಕ್ಕು ಬರಿಸುತ್ತದೆ. ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಪುಸ್ತಕದ ಕಪಾಟಿನ ಮೇಲೆ. ನಿಂಬೆ, ಈರುಳ್ಳಿಯ ರಸ ತಾಗಿ ಅಲಗು ಬೂದುನೀಲಿಯಾಗಿದೆ. ಆ ಬಣ್ಣ ಬಂದ ಮೇಲೆ ತುಕ್ಕು ಕಡಿಮೆ.

ಫೆಬ್ರವರಿಯಲ್ಲಿ ಅದೇ ಗುಂಪು ರಾಜಮಾಚಿಗೆ ಹೋಯಿತು. ಅಲ್ಲಿ ಆ ಅಡ್ಡಿಯಿಲ್ಲ, ಚಾಕು ಹೋಯಿತು. ವಾಪಸು ಬಂದವಳು ಬೂಟು ಬಿಚ್ಚುವ ಮೊದಲೇ ಹೇಳಿದ್ದು ಕೋಟೆಯ ವಿಷಯವಲ್ಲ, ನಕ್ಷತ್ರದ ವಿಷಯವಲ್ಲ. ಗುಂಪಿನ ಹುಡುಗನೊಬ್ಬ ಸೌತೆಕಾಯಿ ಹೆಚ್ಚುತ್ತೇನೆಂದು ಅವಳ ಚಾಕು ತೆಗೆದುಕೊಂಡನಂತೆ. ಅವನ ಬಲಗೈಯಲ್ಲಿ ಅಲಗು ಒಂದೇ ಸಮ ಪಕ್ಕಕ್ಕೆ ಎಳೆದು ಹೋಳುಗಳೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ಕಾಗದದಷ್ಟು ತೆಳ್ಳಗೆ. ಒರೆಯ ಗುಂಡಿಯೂ ಅವನಿಗೆ ಸಿಗಲಿಲ್ಲವಂತೆ. ‘ಏ, ಇದು ಉಲ್ಟಾ ಇದೆ’ ಎಂದು ತಿರುಗಿಸಿ ತಿರುಗಿಸಿ ನೋಡಿದನಂತೆ. ಅವನು ಹಾಗೆ ನೋಡಿದ್ದನ್ನು ಅವಳು ನಮಗೆ ಮೂರು ಸಲ ಅಭಿನಯಿಸಿ ತೋರಿಸಿದಳು.